ಬಿಡಿಭಾಗ ಬದಲಿಸಿದರೆ ಗುರಿ ಸುಧಾರಿಸುತ್ತಾ?

ಪಿಸ್ತೂಲ್ ಶೂಟಿಂಗ್ ಶುರು ಮಾಡಿದವರು ಸ್ವಲ್ಪ ದಿನಕ್ಕೇ ಕೇಳುವ ಪ್ರಶ್ನೆ ಇದು. ಬ್ಯಾರೆಲ್ (ಗುಂಡು ಹಾದುಹೋಗುವ ನಳಿಗೆ) ಬದಲಿಸಲಾ? ಟ್ರಿಗರ್ ಹಗುರ ಮಾಡಿಸಲಾ? ಸ್ಪ್ರಿಂಗ್ ಹಾಕಿಸಿದರೆ ಸ್ಕೋರ್ ಏರುತ್ತಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೈ, ಬೆರಳು, ಕಣ್ಣು ಈ ಮೂರಕ್ಕೆ ಸಂಬಂಧಪಟ್ಟ ಭಾಗಗಳಿಗೆ ದುಡ್ಡು ಹಾಕಿದರೆ ಫಲ ಸಿಗುತ್ತದೆ. ಅಂದರೆ ಗ್ರಿಪ್ (ಕೈಯಲ್ಲಿ ಹಿಡಿಯುವ ಹಿಡಿ), ಟ್ರಿಗರ್, ಸೈಟ್ (ಗುರಿ ಹೊಂದಿಸಲು ನೋಡುವ ಭಾಗ). ಒಳಗೆ ಕೂತಿರುವ ಭಾಗಗಳಿಗೆ, ಅದರಲ್ಲೂ ಬ್ಯಾರೆಲ್‌ಗೆ ಹಾಕುವ ದುಡ್ಡು ಹೆಚ್ಚಿನವರಿಗೆ ಬರೀ ದಂಡ.

ಯಾಕೆ ಅಂತ ಒಂದು ಲೆಕ್ಕ ನೋಡೋಣ. ಗುರಿ ತಪ್ಪುವುದರಲ್ಲಿ ಪಿಸ್ತೂಲಿನ ಪಾಲು ಒಂದು, ನಮ್ಮ ಪಾಲು ಇನ್ನೊಂದು. ಪಿಸ್ತೂಲನ್ನು ಅಲ್ಲಾಡದಂತೆ ಭದ್ರವಾಗಿ ಕಟ್ಟಿ ಹೊಡೆದಾಗ 25 ಮೀಟರಿನಲ್ಲಿ ಗುಂಡುಗಳು 6 ಸೆಂ.ಮೀ. ಅಗಲಕ್ಕೆ ಹರಡುತ್ತವೆ ಅಂತಿಟ್ಟುಕೊಳ್ಳಿ. ನಿಮ್ಮ ಕೈಯ ನಡುಕ, ಬೆರಳಿನ ಒತ್ತಡ, ಕಣ್ಣಿನ ತಪ್ಪು ಎಲ್ಲಾ ಸೇರಿ 20 ಸೆಂ.ಮೀ. ಇರಲಿ. ಒಟ್ಟು 26 ಆಗುತ್ತೆ ಅಂತ ಅನಿಸುತ್ತದೆ, ಆದರೆ ಆಗುವುದಿಲ್ಲ. ಒಂದಕ್ಕೊಂದು ಸಂಬಂಧ ಇಲ್ಲದ ತಪ್ಪುಗಳು ಹಾಗೆ ಕೂಡುವುದಿಲ್ಲ. ಎರಡರ ವರ್ಗಗಳನ್ನು ಕೂಡಿ, ಬಂದ ಮೊತ್ತದ ವರ್ಗಮೂಲ ತೆಗೆಯಬೇಕು. ಆಗ ಸಿಗುವುದು ಸುಮಾರು 20.9. ಈಗ ದುಬಾರಿ ಬ್ಯಾರೆಲ್ ಹಾಕಿಸಿ ಪಿಸ್ತೂಲಿನ ಪಾಲನ್ನು 6ರಿಂದ 3ಕ್ಕೆ ಇಳಿಸಿದಿರಿ. ಅರ್ಧಕ್ಕರ್ಧ ಕಡಿಮೆ ಆಯಿತು. ಒಟ್ಟು ಹರಡುವಿಕೆ ಎಷ್ಟಾಯಿತು? 20.2. ಕಡಿಮೆ ಆದದ್ದು ಬರೀ 7 ಮಿಲಿಮೀಟರ್. ಟಾರ್ಗೆಟ್ ಪೇಪರ್ ನೋಡಿ ಅದನ್ನು ಗುರುತಿಸುವುದೇ ಕಷ್ಟ.

ಇದೇ ಲೆಕ್ಕವನ್ನು ಒಳ್ಳೆಯ ಶೂಟರ್ ಒಬ್ಬರಿಗೆ ಹಾಕಿ. ಅವರ ಪಾಲಿನ ತಪ್ಪು ಬರೀ 5 ಸೆಂ.ಮೀ. ಇರಲಿ. ಹಳೆ ಬ್ಯಾರೆಲ್‌ನಲ್ಲಿ ಒಟ್ಟು 7.8, ಹೊಸದರಲ್ಲಿ 5.8. ಎರಡು ಸೆಂಟಿಮೀಟರ್ ವ್ಯತ್ಯಾಸ! ಸ್ಪರ್ಧೆಯಲ್ಲಿ ಅದು ದೊಡ್ಡದು. ಬ್ಯಾರೆಲ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ಯಾರಿಗೆ ಕೆಲಸಕ್ಕೆ ಬರುತ್ತದೋ ಅವರು ಬೇರೆ, ಅದನ್ನು ಜಾಸ್ತಿ ಕೊಳ್ಳುವವರು ಬೇರೆ. ಅದೇ ನನ್ನ ಬೇಸರ.

ಇನ್ನು ಟ್ರಿಗರ್. ಇಲ್ಲಿ ನಾನು ಬದಲಾವಣೆಯ ಪರ. ಗ್ಲಾಕ್ 17 ಪಿಸ್ತೂಲನ್ನೇ ತೆಗೆದುಕೊಳ್ಳಿ. ಗುಂಡು ತುಂಬದಿದ್ದರೆ ಅದರ ತೂಕ ಸುಮಾರು 630 ಗ್ರಾಂ. ಅದರ ಟ್ರಿಗರ್ ಎಳೆಯಲು ಬೇಕಾದ ಬಲ ಸುಮಾರು ಎರಡೂವರೆ ಕಿಲೋ. ಪಿಸ್ತೂಲಿನ ತೂಕದ ನಾಲ್ಕು ಪಟ್ಟು ಬಲವನ್ನು ಒಂದೇ ಬೆರಳಿನಿಂದ ಹಾಕಬೇಕು, ಪಿಸ್ತೂಲ್ ಮಾತ್ರ ಕದಲಬಾರದು. ಸುಲಭದ ಮಾತಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮ ನೋಡಿ. 10 ಮೀಟರ್ ಏರ್ ಪಿಸ್ತೂಲಿನ (ಗಾಳಿಯ ಒತ್ತಡದಿಂದ ಹೊಡೆಯುವ ಪಿಸ್ತೂಲ್) ಟ್ರಿಗರ್ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿನದ್ದು ಕನಿಷ್ಠ 1000 ಗ್ರಾಂ ಇರಬೇಕು. ಅದಕ್ಕಿಂತ ಹಗುರ ಮಾಡಬಾರದು ಅಂತ ನಿಯಮವೇ ತಡೆಯುತ್ತದೆ ಅಂದರೆ, ಹಗುರ ಟ್ರಿಗರ್‌ನಿಂದ ಎಷ್ಟು ಅನುಕೂಲ ಅಂತ ನೀವೇ ಊಹಿಸಿ.

ಆದರೆ ತೂಕವೊಂದೇ ಮುಖ್ಯ ಅಲ್ಲ. ಬೆರಳಿಗೆ ಪ್ರತಿ ಸಲವೂ ಒಂದೇ ಥರ ಸಿಗಬೇಕು. ಎಲ್ಲಿ ಗೋಡೆ ತಾಗಿದ ಹಾಗೆ ತಡೆ ಸಿಗುತ್ತದೆ, ಎಲ್ಲಿ ಬಿಡುತ್ತದೆ, ಬಿಟ್ಟ ಮೇಲೆ ಎಷ್ಟು ಹಿಂದಕ್ಕೆ ಓಡುತ್ತದೆ ಅನ್ನುವುದು ಬೆರಳಿಗೆ ಗೊತ್ತಿರಬೇಕು. ಉಜ್ಜಿಕೊಂಡು ಬರುವ ಒಂದು ಕಿಲೋ ಟ್ರಿಗರ್‌ಗಿಂತ, ಗಾಜಿನ ಕಡ್ಡಿ ಮುರಿದ ಹಾಗೆ ಶುದ್ಧವಾಗಿ ಬಿಡುವ ಎರಡು ಕಿಲೋ ಟ್ರಿಗರ್ ನನಗೆ ಇಷ್ಟ.

ಇನ್ನೊಂದು ಮಾತು. ಗುಂಡಿನ ಸದ್ದಿಗೆ ಮುಂಚೆಯೇ ಮಣಿಕಟ್ಟು ಬಿಗಿದು ಪಿಸ್ತೂಲನ್ನು ಕೆಳಕ್ಕೆ ತಳ್ಳುವ ಅಭ್ಯಾಸ ಇದ್ದರೆ ಯಾವ ಟ್ರಿಗರ್ ಬಂದರೂ ಅದನ್ನು ಬಿಡಿಸುವುದಿಲ್ಲ. ಇದನ್ನು ಪತ್ತೆ ಮಾಡಲು ಕೋಚ್‌ಗಳು ನಿಮಗೆ ಗೊತ್ತಾಗದಂತೆ ಗುಂಡು ತುಂಬುವ ಮ್ಯಾಗಜೀನಿನಲ್ಲಿ ನಡುನಡುವೆ ಡಮ್ಮಿ ಗುಂಡು ಸೇರಿಸುತ್ತಾರೆ. ಡಮ್ಮಿ ಬಂದಾಗ ಸದ್ದಿಲ್ಲ, ಒದೆತ ಇಲ್ಲ. ಪಿಸ್ತೂಲಿನ ಮೂತಿ ಮಾತ್ರ ಗಪ್ಪಂತ ಕೆಳಗೆ ಇಳಿಯುವುದು ಎಲ್ಲರಿಗೂ ಕಾಣುತ್ತದೆ. ಟ್ರಿಗರ್ ಕೊಳ್ಳುವ ಮುಂಚೆ ಈ ಪರೀಕ್ಷೆ ಮಾಡಿಸಿಕೊಳ್ಳಿ, ದಯವಿಟ್ಟು.

ಟ್ರಿಗರ್ ವಿಷಯದಲ್ಲಿ ಅಪಾಯವೂ ಇದೆ. ಸ್ಪ್ರಿಂಗ್ ಬದಲಿಸಿ ಮನಬಂದಂತೆ ಹಗುರ ಮಾಡಿದರೆ ಗುಂಡಿನ ಹಿಂಭಾಗಕ್ಕೆ ಬಡಿಯುವ ಫೈರಿಂಗ್ ಪಿನ್ ಹೊಡೆತ ಸಾಲದೆ ಗುಂಡು ಹಾರದೇ ಇರಬಹುದು. ಅದಕ್ಕಿಂತ ಕೆಟ್ಟದ್ದು, ಕೈತಪ್ಪಿ ಬಿದ್ದಾಗ ತಾನಾಗಿ ಹಾರದಂತೆ ತಡೆಯುವ ಏರ್ಪಾಡೇ ದುರ್ಬಲ ಆಗಬಹುದು. ವಿಡಿಯೊ ನೋಡಿಕೊಂಡು ಮನೆಯಲ್ಲಿ ಮಾಡುವ ಕೆಲಸ ಅಲ್ಲ ಇದು. ತಿಳಿದ ಆರ್ಮರರ್ (ಬಂದೂಕು ರಿಪೇರಿ ಮಾಡುವವರು) ಕೈಯಲ್ಲೇ ಮಾಡಿಸಬೇಕು.

ಈಗ ಸೈಟ್. ಚಿಕ್ಕ ಪಿಸ್ತೂಲಿನಲ್ಲಿ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಸುಮಾರು 16 ಸೆಂ.ಮೀ. ಅಂತರ ಇರುತ್ತದೆ. ಎರಡನ್ನೂ ಹೊಂದಿಸುವಾಗ 1 ಮಿ.ಮೀ. ತಪ್ಪಾದರೆ 25 ಮೀಟರಿನಲ್ಲಿ ಗುಂಡು ಸುಮಾರು 15.6 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಆ ದೂರದ ಪ್ರಿಸಿಷನ್ ಟಾರ್ಗೆಟಿನಲ್ಲಿ ಹತ್ತು ಅಂಕದ ನಡುವಿನ ವೃತ್ತದ ಅಗಲ ಬರೀ 5 ಸೆಂ.ಮೀ. ಹಾಗಾಗಿ ಸ್ಪಷ್ಟವಾಗಿ ಕಾಣುವ, ಮುಂದಿನ ಸೈಟಿನ ಎರಡೂ ಬದಿಗೆ ಸರಿಯಾದ ಬೆಳಕು ಬಿಡುವ ಸೈಟ್ ಹಾಕಿಸಿದರೆ ನಿಜವಾಗಿಯೂ ಲಾಭ ಇದೆ. ನಲವತ್ತು ದಾಟಿದವರ ಕಷ್ಟ ಇನ್ನೂ ಬೇರೆ. ಚಾಚಿದ ಕೈಯ ತುದಿಯಲ್ಲಿರುವ ಮುಂದಿನ ಸೈಟ್ ಮೇಲೆ ಕಣ್ಣು ನಿಲ್ಲುವುದೇ ಇಲ್ಲ, ಮಸುಕು. ಅವರಿಗೆ ರೆಡ್ ಡಾಟ್ (ಪುಟ್ಟ ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸುವ ಸೈಟ್) ಒಂದು ವರ. ಎರಡು ಸೈಟ್ ಹೊಂದಿಸುವ ಕೆಲಸವೇ ಇಲ್ಲ. ಟಾರ್ಗೆಟ್ ನೋಡಿದರೆ ಸಾಕು, ಅದರ ಮೇಲೆ ಚುಕ್ಕಿ. ಕೈ ನಡುಗುವುದನ್ನೂ ಅದು ಮುಚ್ಚಿಡದೆ ತೋರಿಸುತ್ತದೆ, ಅದೂ ಒಳ್ಳೆಯದೇ. ಒಲಿಂಪಿಕ್ ಮಾದರಿಯ ಪಿಸ್ತೂಲ್ ಸ್ಪರ್ಧೆಗಳಲ್ಲಿ ಮಾತ್ರ ರೆಡ್ ಡಾಟ್‌ಗೆ ಅವಕಾಶ ಇಲ್ಲ. ಕೊಳ್ಳುವ ಮುಂಚೆ ನಿಮ್ಮ ವಿಭಾಗದ ನಿಯಮ ಓದಿ.

ಗ್ರಿಪ್ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ನನಗೆ ಕೇಳಿದರೆ ಮೊದಲ ಖರ್ಚು ಅದೇ ಆಗಲಿ. ಕೈಗೆ ಸರಿಯಾಗಿ ಕೂರದ ಪಿಸ್ತೂಲಿನಲ್ಲಿ ಬೆರಳು ಟ್ರಿಗರ್ ಮೇಲೆ ಓರೆಯಾಗಿ ಬೀಳುತ್ತದೆ. ಎಳೆದಾಗ ಮೂತಿ ಪಕ್ಕಕ್ಕೆ ಹೊರಳುತ್ತದೆ. ಅದಕ್ಕೇ ಸ್ಪರ್ಧೆಯ ಏರ್ ಪಿಸ್ತೂಲುಗಳಲ್ಲಿ ಕೈ ಅಳತೆಗೆ ತಕ್ಕ ಮರದ ಗ್ರಿಪ್ ಬರುತ್ತದೆ. ಶೂಟರ್‌ಗಳು ಅದನ್ನು ತಮ್ಮ ಅಂಗೈಗೆ ಹೊಂದುವ ತನಕ ತುಸು ತುಸುವೇ ಉಜ್ಜಿ ಸರಿಮಾಡಿಕೊಳ್ಳುತ್ತಾರೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ದಿಕೆಚ್ ಒಂದು ಕೈ ಜೇಬಲ್ಲಿಟ್ಟುಕೊಂಡು, ಶೂಟಿಂಗ್ ಕನ್ನಡಕ ಹಾಕದೆ, ಮಿಶ್ರ ತಂಡ ವಿಭಾಗದಲ್ಲಿ ಬೆಳ್ಳಿ ಗೆದ್ದರು. ನೋಡಿ, ಯಾವ ಸಾಧನವೂ ಬೇಡ ಅಂತ ಆ ಫೋಟೊ ತೋರಿಸಿ ಹೇಳುವವರು ಬಹಳ. ನಾನು ಒಪ್ಪುವುದಿಲ್ಲ. ಕೈಯಲ್ಲಿದ್ದದ್ದು ಸ್ಪರ್ಧೆಗೆಂದೇ ಮಾಡಿದ ಏರ್ ಪಿಸ್ತೂಲ್. ಗ್ರಿಪ್, ಟ್ರಿಗರ್, ಸೈಟ್ ಮೂರನ್ನೂ ಹೊಂದಿಸಿಕೊಳ್ಳಬಹುದಾದ ಬಗೆಯದು. ತಮಗೆ ಬೇಡದ್ದನ್ನು ಅವರು ಬಿಟ್ಟರು, ಅಷ್ಟೇ.

ಉಳಿದ ಭಾಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒದೆತ ತಡೆದುಕೊಳ್ಳುವ ರೀಕಾಯಿಲ್ ಸ್ಪ್ರಿಂಗ್, ಅದನ್ನು ನೇರ ಹಿಡಿದಿಡುವ ಗೈಡ್ ರಾಡ್, ಮೂತಿ ಮೇಲೇಳುವುದನ್ನು ತಗ್ಗಿಸುವ ಕಾಂಪೆನ್ಸೇಟರ್ ಇವೆಲ್ಲಾ ಎರಡನೇ ಗುಂಡನ್ನು ಬೇಗ ಹೊಡೆಯಲು ಸಹಾಯ ಮಾಡಬಹುದು. ನಿಧಾನವಾಗಿ, ಒಂದೊಂದೇ ಗುಂಡು ಹೊಡೆಯುವವರ ಗುರಿಗೆ ಇವುಗಳಿಂದ ಆಗುವ ಲಾಭ ತೀರಾ ಕಡಿಮೆ.

ಹೊಸ ಭಾಗ ಹಾಕಿದ ದಿನ ಗ್ರೂಪ್ (ಟಾರ್ಗೆಟ್ ಮೇಲೆ ಗುಂಡುಗಳು ಬಿದ್ದ ಗುರುತುಗಳ ಗುಂಪು) ಚಿಕ್ಕದಾಯಿತು ಅಂತ ಫೋಟೊ ಹಾಕುತ್ತಾರಲ್ಲ, ಅದನ್ನು ನಂಬುವ ಮುಂಚೆ ಒಂದು ವಿಷಯ ಗಮನಿಸಿ. ಅದೇ ಪಿಸ್ತೂಲ್, ಅದೇ ಗುಂಡು, ಅದೇ ಶೂಟರ್ ಇದ್ದರೂ ಐದೈದು ಗುಂಡಿನ ಗ್ರೂಪುಗಳು ಒಂದೇ ಅಳತೆ ಬರುವುದಿಲ್ಲ. ಒಂದು ಇನ್ನೊಂದರ ಒಂದೂವರೆ ಪಟ್ಟು ಬಂದರೂ ಆಶ್ಚರ್ಯ ಇಲ್ಲ. ಜೊತೆಗೆ ಹೊಸ ಭಾಗ ಹಾಕಿದ ದಿನ ಮನಸ್ಸಿಟ್ಟು ಹೊಡೆಯುತ್ತೇವೆ, ಅಲ್ವಾ? ಆ ಲಾಭವನ್ನೂ ಬ್ಯಾರೆಲ್ ಖಾತೆಗೇ ಬರೆಯುತ್ತೇವೆ. ಹಳೆಯದರಲ್ಲೂ ಹೊಸದರಲ್ಲೂ ಬೇರೆ ಬೇರೆ ದಿನ ಹಲವು ಗ್ರೂಪ್ ಹೊಡೆದು ಹೋಲಿಸಬೇಕು. ಒಂದು ಸಲಕ್ಕೆ ಒಂದೇ ಭಾಗ ಬದಲಿಸಬೇಕು. ಟ್ರಿಗರ್, ಸೈಟ್, ಬ್ಯಾರೆಲ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬ್ಯಾರೆಲ್‌ಗಿಂತ ಮುಂಚೆ ಬೇರೆ ಬೇರೆ ಗುಂಡು ಅಥವಾ, ಏರ್ ಪಿಸ್ತೂಲಾದರೆ, ಪೆಲೆಟ್ ಹಾಕಿ ನೋಡಿ. ಒಂದೊಂದು ಬ್ಯಾರೆಲ್ ಒಂದೊಂದಕ್ಕೆ ಒಗ್ಗುತ್ತದೆ. ಖರ್ಚೂ ಕಡಿಮೆ.

ಅಷ್ಟಾದ ಮೇಲೂ ಅನುಮಾನ ಇದ್ದರೆ ನಿಮ್ಮ ರೇಂಜಿನ ಒಳ್ಳೆಯ ಶೂಟರ್ ಒಬ್ಬರ ಕೈಗೆ ನಿಮ್ಮ ಕೋಚ್ ಎದುರಲ್ಲೇ ಅದೇ ಪಿಸ್ತೂಲ್ ಕೊಡಿ. ಮರಳು ಚೀಲದ ಮೇಲೆ ಆನಿಸಿಕೊಂಡು ಹೊಡೆಯಲಿ. ಅವರ ಗ್ರೂಪ್ ನಿಮ್ಮದರ ಮೂರನೇ ಒಂದು ಭಾಗ ಬಂದರೆ ಬ್ಯಾರೆಲ್ ದುಡ್ಡನ್ನು ಕೋಚಿಂಗ್‌ಗೂ ಗುಂಡಿಗೂ ಹಾಕಿ. ಅವರದ್ದೂ ನಿಮ್ಮಷ್ಟೇ ಹರಡಿದರೆ ಮೊದಲು ಸೈಟಿನ ಸ್ಕ್ರೂ ಸಡಿಲ ಆಗಿದೆಯಾ ನೋಡಿ, ಆಮೇಲೆ ಗುಂಡು ಬದಲಿಸಿ ನೋಡಿ. ಬ್ಯಾರೆಲ್ ಮಾತು ಅದಾದ ಮೇಲೆ.