ಹಳೆಯ ಕೀಲಿಯನ್ನು ಕೈಬಿಟ್ಟು ಲ್ಯಾಟಿಸ್ ಒಂದನ್ನೇ ನೆಚ್ಚಬಹುದೇ?

ಅಂತರಜಾಲದಲ್ಲಿ ಗುಟ್ಟಾಗಿ ಮಾತಾಡುವ ಎರಡು ಕಡೆಯವರು ಮೊದಲು ಒಂದೇ ಗುಟ್ಟಿನ ಕೀಲಿಗೆ ಬರಬೇಕು, ಇದೇ ಕೀಲಿ ವಿನಿಮಯ. ಇದಕ್ಕೆ ಬಳಸುವ ಹಳೆಯ ವಿಧಾನವಾದ ಎಕ್ಸ್25519 ಎಲಿಪ್ಟಿಕ್ ಕರ್ವ್ ಎಂಬ ವಕ್ರರೇಖೆಗಳ ಗಣಿತವನ್ನು ಆಧರಿಸಿದೆ, ಹೊಸದು ಲ್ಯಾಟಿಸ್ ಎಂಬ ಬಿಂದುಜಾಲದ ಗಣಿತವನ್ನು. ಎರಡನ್ನೂ ಒಟ್ಟಿಗೆ ಬಳಸಬೇಕೇ, ಲ್ಯಾಟಿಸ್ ಒಂದೇ ಸಾಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದ ದಿನ ಎಲಿಪ್ಟಿಕ್ ಕರ್ವ್ ಆಧಾರಿತ ಕೀಲಿ ವಿನಿಮಯ ಉಳಿಯುವುದಿಲ್ಲ ಎಂಬುದು 1994ರಲ್ಲಿ ಗಣಿತಜ್ಞ ಪೀಟರ್ ಶೋರ್ ತಮ್ಮ ಅಲ್ಗಾರಿದಮ್ ಪ್ರಕಟಿಸಿದಂದಿನಿಂದ ಗೊತ್ತಿರುವ ಸಂಗತಿ. ಇಂದಿನ ಸಂದೇಶಗಳನ್ನು ಕದ್ದು ಕೂಡಿಟ್ಟುಕೊಂಡು ಅಂದು ಬಿಚ್ಚಲು ಕಾಯುತ್ತಿರುವವರನ್ನು ತಡೆಯುವ ಕೆಲಸವನ್ನು ಲ್ಯಾಟಿಸ್ ಕೀಲಿಯೇ ಮಾಡಬೇಕು. ಜೊತೆಗಿಟ್ಟ ಎಕ್ಸ್25519 ಅಲ್ಲಿ ಯಾವ ನೆರವಿಗೂ ಬಾರದು. ಆದರೂ ಎರಡನ್ನೂ ಬೆಸೆಯುವ ಹೈಬ್ರಿಡ್ ವಿಧಾನಕ್ಕೆ ಅಂಟಿಕೊಂಡರೆ ಎರಡು ಕೋಡ್‌ಗಳನ್ನು ಬರೆದು, ಎರಡನ್ನೂ ಪರಿಶೀಲಿಸಿ, ಬೆಸುಗೆಯನ್ನು ಬೇರೆಯಾಗಿ ಕಾಯಬೇಕಾಗುತ್ತದೆ.

ಲ್ಯಾಟಿಸ್ ಗಣಿತ ನಿನ್ನೆ ಮೊನ್ನೆಯದಲ್ಲ. 1996ರಲ್ಲಿ ಐತಾಯ್, 2005ರಲ್ಲಿ ರೆಗೆವ್ ಹಾಕಿದ ಅಡಿಪಾಯವನ್ನು ಆಗಿನಿಂದಲೂ ಗಣಿತಜ್ಞರು ಕುಟ್ಟಿ ನೋಡುತ್ತಲೇ ಇದ್ದಾರೆ. ಅದರ ತಿರುಳು ಸರಳ: ಗುಟ್ಟಿನ ಸಂಖ್ಯೆಗಳನ್ನು ಸಮೀಕರಣಗಳ ಸಾಲಿನಲ್ಲಿ ಅಡಗಿಸಿ, ಉತ್ತರಗಳನ್ನು 3329ರಿಂದ ಭಾಗಿಸಿ ಉಳಿದ ಶೇಷವನ್ನಷ್ಟೇ ಹೊರಗೆ ಕೊಟ್ಟರೆ, ಶಾಲೆಯಲ್ಲಿ ಕಲಿತಂತೆ ಒಂದೊಂದೇ ಅಜ್ಞಾತವನ್ನು ಕಳೆಯುತ್ತಾ ಹೋಗಿ ಯಾರು ಬೇಕಾದರೂ ಬಿಡಿಸಬಹುದು. ಅದೇ ಪ್ರತಿ ಉತ್ತರಕ್ಕೂ ಮೈನಸ್ 2ರಿಂದ 2ರೊಳಗಿನ ಪುಟ್ಟ ತಪ್ಪೊಂದನ್ನು ಬೇಕೆಂದೇ ಬೆರೆಸಿದರೆ, ಕಳೆಯುವ ಪ್ರತಿ ಹೆಜ್ಜೆಯಲ್ಲೂ ತಪ್ಪು ಬೆಳೆದು ಗುಟ್ಟನ್ನು ಮುಚ್ಚಿಬಿಡುತ್ತದೆ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2016ರಲ್ಲಿ ಕ್ವಾಂಟಮ್ ದಾಳಿಗೆ ಬಗ್ಗದ ವಿಧಾನಗಳಿಗಾಗಿ ಆಹ್ವಾನಿಸಿದ ಬಹಿರಂಗ ಸ್ಪರ್ಧೆಯಲ್ಲಿ ಗೆದ್ದ ಕೈಬರ್ ಎಂಬ ಲ್ಯಾಟಿಸ್ ವಿಧಾನ, 2024ರ ಆಗಸ್ಟ್ 13ರಂದು ಎಂಎಲ್-ಕೆಮ್ ಎಂಬ ಹೆಸರಿನಲ್ಲಿ ಮಾನದಂಡವಾಯಿತು. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಕೂಡ ತನ್ನ ದೇಶದ ಭದ್ರತಾ ವ್ಯವಸ್ಥೆಗಳಿಗೆ ಅದರ ಅತಿ ದೊಡ್ಡ ಅಳತೆಯಾದ ಎಂಎಲ್-ಕೆಮ್-1024 ಅನ್ನು ಸೂಚಿಸಿದೆ. ಹೈಬ್ರಿಡ್ ಬೇಕೇ ಬೇಕೆಂದು ಹೇಳಿಲ್ಲ.

ವಿರೋಧ

ಅದೇ ಸ್ಪರ್ಧೆಯ ನಾಲ್ಕನೆಯ ಸುತ್ತಿನವರೆಗೆ ಬಂದಿದ್ದ ಸೈಕ್ ಎಂಬ ವಿಧಾನದ ಅತಿ ಚಿಕ್ಕ ಅಳತೆಯ ಕೀಲಿ, 2022ರಲ್ಲಿ ಮಾಮೂಲಿ ಪ್ರೊಸೆಸರ್‌ನ ಒಂದೇ ಕೋರ್‌ನಲ್ಲಿ ಸುಮಾರು ಒಂದು ಗಂಟೆಗೆ ಮುರಿದುಬಿತ್ತು. ಅದು ಲ್ಯಾಟಿಸ್ ಆಗಿರಲಿಲ್ಲ, ಒಪ್ಪೋಣ. ಆದರೆ ವರ್ಷಗಟ್ಟಲೆ ಪರಿಶೀಲನೆಯಾಗಿದೆ ಎಂಬ ಒಂದೇ ಮಾತನ್ನು ಆಧಾರವಾಗಿ ಹಿಡಿಯುವವರು ಆ ಒಂದು ಗಂಟೆಯನ್ನು ಮರೆಯಬಾರದು. 2024ರ ಏಪ್ರಿಲ್‌ನಲ್ಲಿ ಲ್ಯಾಟಿಸ್ ಸಮಸ್ಯೆಗಳಿಗೇ ವೇಗದ ಕ್ವಾಂಟಮ್ ಪರಿಹಾರ ಸಿಕ್ಕಿದೆ ಎಂಬ ಪ್ರಬಂಧ ಹೊರಬಂದಾಗ ತಜ್ಞರೇ ಉಸಿರು ಬಿಗಿಹಿಡಿದು ಓದಿದರು. ಸುಮಾರು ಒಂದು ವಾರದಲ್ಲಿ ಅದರಲ್ಲಿ ದೋಷ ಸಿಕ್ಕಿತು, ಕೈಬರ್‌ನ ಅಳತೆಗಳಿಗೆ ಅದು ನೇರವಾಗಿ ತಗಲುವಂತೆಯೂ ಇರಲಿಲ್ಲ. ಆದರೂ ಓದಿದ ಮೊದಲ ದಿನವೇ ಅದನ್ನು ತಳ್ಳಿಹಾಕುವ ಧೈರ್ಯ ಹೆಚ್ಚಿನವರಿಗೆ ಬರಲಿಲ್ಲ.

ಗಣಿತ ಗಟ್ಟಿಯಿದ್ದರೂ ಕೋಡ್ ಸೋರಬಹುದು. ಮೇಲೆ ಹೇಳಿದ 3329 ಎಂಬ ಸಂಖ್ಯೆಯೇ ಇದಕ್ಕೆ ಸಾಕ್ಷಿ. ಗುಟ್ಟಿಗೆ ಸಂಬಂಧಿಸಿದ ಸಂಖ್ಯೆಯನ್ನು ಅದರಿಂದ ಭಾಗಿಸಲು ಕೆಲವು ಪ್ರೊಸೆಸರ್‌ಗಳು ತೆಗೆದುಕೊಳ್ಳುವ ಸಮಯ ಆ ಸಂಖ್ಯೆಗೆ ತಕ್ಕಂತೆ ಬದಲಾಗುತ್ತದೆ, ಸಮಯವನ್ನು ಅಳೆದವರಿಗೆ ಗುಟ್ಟಿನ ಸುಳಿವು ಸಿಗುತ್ತದೆ. ಕೈಬರ್‌ನ ಹಲವು ಕೋಡ್‌ಗಳಲ್ಲಿ ಈ ದೋಷ ಇದ್ದದ್ದು 2023ರ ಕೊನೆಯಲ್ಲಿ ಬಯಲಾಯಿತು. ಪಕ್ಕದಲ್ಲಿ ಎಕ್ಸ್25519 ಇದ್ದರೆ ಇಂಥ ಸೋರಿಕೆಯೊಂದರಿಂದಲೇ ಸಂದೇಶ ಬಯಲಾಗುವುದಿಲ್ಲ.

ಇನ್ನು ಅದನ್ನು ಉಳಿಸಿಕೊಳ್ಳಲು ತೆರಬೇಕಾದ ಬೆಲೆಯಾದರೂ ಎಷ್ಟು? ಮಧ್ಯಮ ಅಳತೆಯ ಎಂಎಲ್-ಕೆಮ್-768ರಲ್ಲಿ ಒಂದು ಕಡೆಯಿಂದ 1184 ಬೈಟ್, ಮರಳಿ 1088 ಬೈಟ್ ಹೋಗುತ್ತವೆ. ಎಕ್ಸ್25519 ಕೇಳುವುದು ಒಂದೊಂದು ಕಡೆಗೆ 32ರಂತೆ 64 ಬೈಟ್ ಮಾತ್ರ. ಹೈಬ್ರಿಡ್‌ನ ಒಟ್ಟು 2336 ಬೈಟ್‌ಗಳಲ್ಲಿ ಈ 64ನ್ನು ಉಳಿಸಲು ಇಪ್ಪತ್ತು ವರ್ಷಗಳ ಗೌಪ್ಯತೆಯನ್ನು ಪಣಕ್ಕಿಡುವುದು ನನಗೆ ಒಪ್ಪಿಗೆಯಲ್ಲ. ಲ್ಯಾಟಿಸ್ ಮೇಲಿನ ನಂಬಿಕೆ ಹುಸಿಯಾದರೆ ಇರಲಿ ಎಂದು ಎನ್‌ಐಎಸ್‌ಟಿಯೇ 2025ರ ಮಾರ್ಚ್‌ನಲ್ಲಿ ಬೇರೆ ಗಣಿತವನ್ನು ಆಧರಿಸಿದ ಎಚ್‌ಕ್ಯೂಸಿಯನ್ನು ಆರಿಸಿದೆ. ಆ ಮಾನದಂಡ ಸಿದ್ಧವಾಗಿ ಬಳಕೆಗೆ ಬಂದು ನೆಲೆಯೂರುವವರೆಗಾದರೂ ಎಕ್ಸ್25519 ಜೊತೆಯಲ್ಲಿರಬೇಕು.