ಕೊಡುಬಳೆ ಬಡ್ಡಿ

ಇವತ್ತು ಸಂಜೆ ನನ್ನ ಸೋದರಮಾವ ನನ್ನದೇ ಅಂಗಡಿಯಲ್ಲಿ, ನನ್ನದೇ ಸ್ಟೂಲಿನ ಮೇಲೆ ಕೂತು, ಪರ್ಸಿಗೆ ಕೈಹಾಕಿದ್ದ ಗಿರಾಕಿಗೆ "ಇವತ್ತಿನದು ಬೇಡಮ್ಮ, ಉಪ್ಪು ಕಮ್ಮಿ. ನಾಳೆ ಬನ್ನಿ" ಎಂದರು. ಆಯಮ್ಮ ಥ್ಯಾಂಕ್ಸ್ ಬೇರೆ ಹೇಳಿ ಹೋದರು. ನನಗಲ್ಲ, ಅವರಿಗೆ.

ಬೈಯುವ ಹಾಗಿಲ್ಲ. ಅಂಗಡಿಗೆ 50,000 ರೂಪಾಯಿ ಕೊಟ್ಟವರೇ ಅವರು.

ಕುವೆಂಪುನಗರದಲ್ಲಿ ಕುರುಕಲು ತಿಂಡಿ ಅಂಗಡಿ ಇಡ್ತೀನಿ ಅಂದಾಗ ಅಪ್ಪ ಎಫ್‌ಡಿ ಇಟ್ಟಿದ್ದ ಬೀರುವಿನ ಬೀಗ ಎಳೆದು ನೋಡಿ ಬಂದರು. ಅಮ್ಮ ಕೈಬಳೆ ಸವರಿಕೊಂಡು ಅಡುಗೆಮನೆಗೆ ಎದ್ದರು. ಬ್ಯಾಂಕಿನಲ್ಲಿ ಸರ್ಕಾರದ ಮುದ್ರಾ ಯೋಜನೆಯ 'ಶಿಶು' ಸಾಲ 50,000ದವರೆಗೆ ಅಡಮಾನ ಇಲ್ಲದೇ ಸಿಗುತ್ತೆ ಅಂದೆ. "ನಾವೆಲ್ಲ ಸತ್ತಿದ್ದೀವೇನೇ?" ಅಂತ ಮಾವ ಗುಡುಗಿದರು. ಮರುದಿನವೇ ದುಡ್ಡು ತಂದುಕೊಟ್ಟು, "ಬಡ್ಡಿ ಗಿಡ್ಡಿ ಬೇಡ, ಆದಾಗ ಕೊಡು" ಎಂದರು. ತಿಂಡಿ ಮಾರೋಕೆ ಬೇಕಾದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಗೆ ಸರ್ಕಾರ ವರ್ಷಕ್ಕೆ 100 ರೂಪಾಯಿ ಕಟ್ಟಿಸಿಕೊಂಡು ಸುಮ್ಮನಾಯಿತು. ಮಾವ ಸುಮ್ಮನಾಗಲಿಲ್ಲ.

ದಿನಾ ಸಂಜೆ ವಾಕಿಂಗ್ ಮುಗಿಸಿ ಬರ್ತಾರೆ. ಡಬ್ಬಿಯ ಮೇಲಿನದು ಬಿಟ್ಟು, ತಳಕ್ಕೆ ಕೈಹಾಕಿ ಒಂದು ಕೊಡುಬಳೆ ತೆಗೀತಾರೆ. ಅದನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಮುರೀತಾರೆ. 'ಟಕ್' ಅಂದರೆ ತಲೆ ಆಡಿಸ್ತಾರೆ. 'ಟಪ್' ಅಂದರೆ ನನ್ನ ಕಡೆ ನೋಡ್ತಾರೆ. ಒಂದೇ ಸಲಕ್ಕೆ ತೀರ್ಮಾನ ಆಗಲ್ಲ ಅಂತ ಇನ್ನೊಂದು. ವಾಕಿಂಗ್ ಗೆಳೆಯರು ಜೊತೆಗಿದ್ದರೆ "ನಮ್ಮದೇ ಅಂಗಡಿ, ತಗೊಳ್ಳಿ" ಅಂತ ಅವರಿಗೂ ಒಂದೊಂದು ಕೊಡ್ತಾರೆ, ಆಮೇಲೆ ನಾಲ್ಕು ಕಿವಿಗಳ ಹತ್ತಿರ ನಾಲ್ಕು ಕೊಡುಬಳೆ, ಬೀದಿಯಲ್ಲಿ ಹೋಗೋರು ನೋಡಿದರೆ ಎಲ್ಲರೂ ಫೋನಿನಲ್ಲಿದ್ದಾರೆ ಅಂದುಕೊಳ್ಳಬೇಕು.

ನಿನ್ನೆ ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. ದಿನಕ್ಕೆ 100 ಗ್ರಾಂ ಅಂತಲೇ ಹಿಡಿಯೋಣ, ಕೆಜಿಗೆ 400 ರೂಪಾಯಿ. ತಿಂಗಳಿಗೆ 1,200, ವರ್ಷಕ್ಕೆ 14,400. ನೂರಕ್ಕೆ 28ರ ಮೇಲಾಯಿತು ಬಡ್ಡಿ! ಬ್ಯಾಂಕಿನವರು ಕಂತು ಕೇಳ್ತಿದ್ದರು ನಿಜ, ಆದರೆ ಉಪ್ಪು ನೋಡ್ತಿರಲಿಲ್ಲ ಅಲ್ವಾ?

ಇವತ್ತು ಹೇಳಿಯೇಬಿಡೋಣ ಅಂತ ಬಾಗಿಲು ಎಳೆಯುವವರೆಗೂ ಕಾದೆ. ಅವರು ಗಲ್ಲಾಪೆಟ್ಟಿಗೆಯ ಅಂಚನ್ನು ಸುಮ್ನೆ ಸವರುತ್ತಾ, "ನಾನೂ ಒಂದು ಸೈಕಲ್ ಅಂಗಡಿ ಇಡಬೇಕು ಅಂತಿದ್ದೆ ಕಣೇ. ಜಾಗಾನೂ ನೋಡಿದ್ದೆ. ನಿಮ್ಮ ತಾತ ಕಾಸು ಬಿಚ್ಚಲಿಲ್ಲ" ಎಂದರು. ಹೇಳಬೇಕಿದ್ದದ್ದು ಗಂಟಲಲ್ಲೇ ಉಳಿಯಿತು.

ಹೊರಡುವಾಗ ಹೇಳಿದರು: "ಚಕ್ಕುಲಿನೂ ಶುರು ಮಾಡೇ. ದುಡ್ಡು ಬೇಕಾದ್ರೆ ಇನ್ನೊಂದು ಐವತ್ತು ಕೊಡ್ತೀನಿ."