ಅಷ್ಟೊಂದು ಸದ್ದು ಯಾಕೆ ಅಂದರೆ

"ದುಡ್ಡು ಕೊಟ್ಟು ಕಿವಿ ಹಾಳು ಮಾಡ್ಕೊಳ್ಳೋಕೆ ಯಾಕೆ ಹೋಗ್ತೀಯ?" ಅಂತ ಅಕ್ಕ ಕೇಳಿದಳು. ಗದ್ದಲವನ್ನೇ ಸಂಗೀತ ಮಾಡುವ ನಾಯ್ಸ್ ರಾಕ್ ಬ್ಯಾಂಡ್ ಒಂದರ ಕಾರ್ಯಕ್ರಮ ನೋಡಿ ಬಂದ ಮಾರನೇ ದಿನ ಬೆಳಿಗ್ಗೆ. ಆಗ ನನಗೆ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಆದರೆ ಅವಳ ಪ್ರಶ್ನೆ ನ್ಯಾಯವಾದದ್ದೇ. ನಾಲ್ಕು ದಿನದಿಂದ ಅದೇ ತಲೆಯಲ್ಲಿದೆ. ಅವಳಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸದ್ದು ಈ ಸಂಗೀತಕ್ಕೆ ಆಮೇಲೆ ಬಳಿದ ಬಣ್ಣ ಅಲ್ಲ ಅಕ್ಕ. ಗೋಡೆ ಕಟ್ಟಿರುವುದೇ ಆ ಇಟ್ಟಿಗೆಯಿಂದ. ಸದ್ದು ತಗ್ಗಿಸಿದರೆ ಅದೇ ಹಾಡು ಮೆಲ್ಲಗೆ ಕೇಳಿಸುತ್ತದೆ ಅಂದುಕೊಳ್ಳುತ್ತೇವೆ. ಇಲ್ಲ, ಆ ಹಾಡೇ ಇರುವುದಿಲ್ಲ.

ಅದು ಚಿಕ್ಕ ಹಾಲ್. ಇನ್ನೂರು ಜನ ನಿಂತರೆ ತುಂಬಿಹೋಗುತ್ತದೆ. ಮೊಣಕಾಲೆತ್ತರದ ವೇದಿಕೆ. ಬ್ಯಾಂಡಿನಲ್ಲಿ ಮೂರೇ ಜನ. ಗಿಟಾರ್, ತಗ್ಗಿನ ಸ್ವರದ ಬೇಸ್ ಗಿಟಾರ್, ಡ್ರಮ್ಸ್. ಬೆನ್ನ ಹಿಂದೆ ಆಳೆತ್ತರದ ಆಂಪ್‌ಗಳು, ಅಂದರೆ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆಗಳು. ನನ್ನ ಪಕ್ಕದಲ್ಲಿ ಐವತ್ತು ದಾಟಿದ ಒಬ್ಬರು ಹೆಂಗಸು ನಿಂತಿದ್ದರು. "ಇಯರ್‌ಪ್ಲಗ್ ತಂದಿದ್ದೀರಾ?" ಅಂದರು. ಜೇಬಿನಿಂದ ತೆಗೆದು ತೋರಿಸಿದೆ. "ಈಗಲೇ ಹಾಕ್ಕೊಳ್ಳಿ. ಶುರುವಾದ ಮೇಲೆ ಕೈ ಓಡಲ್ಲ" ಅಂದರು. ಫೋಮನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗೆ ತೂರಿಸಿದೆ. ಅದು ಉಬ್ಬಿ ಕೂರುವ ತನಕ ಒತ್ತಿ ಹಿಡಿದೆ. ಜನರ ಮಾತು ದೂರ ಸರಿಯಿತು. ನನ್ನ ಉಸಿರು ನನಗೇ ಕೇಳಿಸತೊಡಗಿತು.

ಬ್ಯಾಂಡಿನವರು ಒಂದು ಮಾತೂ ಆಡಲಿಲ್ಲ. ಡ್ರಮ್ಮರ್ ಕೋಲಿಗೆ ಕೋಲು ನಾಲ್ಕು ಸಲ ತಾಗಿಸಿದ. ಅಷ್ಟೇ.

ಮೊದಲ ಹೊಡೆತ ಕಿವಿಗಿಂತ ಮೊದಲು ಎದೆಗೆ ಬಿತ್ತು. ಪ್ಯಾಂಟಿನ ಬಟ್ಟೆ ಕಾಲಿಗೆ ಪಟಪಟ ಬಡಿಯುತ್ತಿತ್ತು. ಹಲ್ಲು ಕಚ್ಚಿದರೆ ಬೇಸ್ ದವಡೆಯಲ್ಲಿ ಗುಂಯ್ಗುಡುತ್ತಿತ್ತು. ಮೊದಲೆರಡು ನಿಮಿಷ ನನಗೆ ಭಯವಾಯಿತು, ನಿಜ. ಓಡಿಹೋಗು ಅಂತ ಮೈ ಹೇಳುತ್ತಿತ್ತು. ಆಮೇಲೆ ಏನೋ ಸಡಿಲವಾಯಿತು. ಹೆಗಲು ಇಳಿಯಿತು. ಆ ದಿನ ತಲೆಯಲ್ಲಿ ಏನೇನೋ ತುಂಬಿಕೊಂಡಿತ್ತು, ಆಫೀಸು, ಸಾಲ, ಕಳಿಸದೇ ಉಳಿದ ಒಂದು ಮೆಸೇಜು. ಅವುಗಳಿಗೆ ನಿಲ್ಲಲು ಜಾಗವೇ ಸಿಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಎರಡು ಹೆಜ್ಜೆ ಎಡಕ್ಕೆ ಸರಿದೆ. ಬೇಸ್ ಅರ್ಧಕ್ಕರ್ಧ ಕಳೆದುಹೋಯಿತು! ವಾಪಸ್ ಬಂದೆ, ಮತ್ತೆ ಬಂತು. 50 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ ತಗ್ಗಿನ ಸದ್ದಿನ ಒಂದು ಅಲೆ ಸುಮಾರು 7 ಮೀಟರ್ ಉದ್ದ. ಗೋಡೆಗೆ ಬಡಿದು ವಾಪಸ್ ಬರುವ ಅಲೆ, ಎದುರಿನಿಂದ ಬರುವ ಅಲೆಯನ್ನು ಕೆಲವು ಕಡೆ ಹೆಚ್ಚಿಸುತ್ತದೆ, ಕೆಲವು ಕಡೆ ಅಳಿಸಿಹಾಕುತ್ತದೆ. ಅಂದರೆ ಆ ಹಾಲ್ ಕೂಡ ಒಂದು ವಾದ್ಯ. ನಾನು ಆ ವಾದ್ಯದ ಒಳಗೆ ನಿಂತಿದ್ದೆ.

ಈಗ ಫೀಡ್‌ಬ್ಯಾಕ್ ವಿಷಯ. ನನಗೆ ಅತಿ ಪ್ರೀತಿಯದು ಇದೇ, ಸ್ವಲ್ಪ ಉದ್ದ ಬರೆದರೆ ಬೇಜಾರು ಮಾಡ್ಕೋಬೇಡಿ. ಗಿಟಾರಿನ ತಂತಿ ಅಲುಗುತ್ತದೆ. ತಂತಿಯ ಕೆಳಗಿರುವ ಪಿಕಪ್ ಆ ಅಲುಗಾಟವನ್ನು ವಿದ್ಯುತ್ತಾಗಿ ಮಾಡಿ ಆಂಪ್‌ಗೆ ಕಳಿಸುತ್ತದೆ. ಸ್ಪೀಕರ್ ಗಾಳಿಯನ್ನು ನೂಕುತ್ತದೆ. ಆ ಗಾಳಿ ಬಂದು ಅದೇ ತಂತಿಯನ್ನು ಮತ್ತೆ ಅಲುಗಿಸುತ್ತದೆ. ಒಂದು ಸುತ್ತು ಪೂರ್ತಿಯಾಯಿತು. ಇನ್ನು ಯಾರೂ ಮೀಟಬೇಕಾಗಿಲ್ಲ, ಸದ್ದು ತಾನೇ ತನ್ನನ್ನು ಸಾಕಿಕೊಳ್ಳುತ್ತದೆ. ಆದರೆ ಆಂಪ್ ಜೋರಾಗಿದ್ದರೆ ಮಾತ್ರ. ತಂತಿಯನ್ನು ಅಲುಗಿಸುವಷ್ಟು ಶಕ್ತಿ ಗಾಳಿಗೆ ಬರಬೇಕಲ್ವಾ? ಅಕ್ಕ, ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಆ ಗಿಟಾರಿಸ್ಟ್ ನಮಗೆ ಬೆನ್ನು ಹಾಕಿ, ಆಂಪ್‌ನಿಂದ ಒಂದು ಗೇಣು ದೂರದಲ್ಲಿ ನಿಂತಿದ್ದ. ಬಲಗೈ ಸುಮ್ನೆ ಜೋತುಬಿದ್ದಿತ್ತು. ಸೊಂಟವನ್ನು ಒಂಚೂರು ತಿರುಗಿಸಿದ. ಸ್ವರ ಥಟ್ಟನೆ ಮೇಲಕ್ಕೆ ಹಾರಿತು. ಮೊಣಕಾಲು ಬಗ್ಗಿಸಿದ. ಕೆಳಗಿಳಿದು ಒರಟಾಯಿತು. ಅರ್ಧ ಹೆಜ್ಜೆ ಹಿಂದೆ ಇಟ್ಟ. ಎರಡು ಸ್ವರಗಳು ಒಂದನ್ನೊಂದು ಉಜ್ಜಿಕೊಂಡು ನಡುಗತೊಡಗಿದವು. ಅವನ ಕಾಲ ಬಳಿ ನೆಲದ ಮೇಲೆ ಬಿಳಿ ಟೇಪಿನ ಚಿಕ್ಕ ಚಿಕ್ಕ ತುಂಡುಗಳು ಅಂಟಿಸಿದ್ದವು. ಆಗ ಹೊಳೆಯಿತು, ಯಾವ ಸ್ವರಕ್ಕೆ ಎಲ್ಲಿ ನಿಲ್ಲಬೇಕು ಅನ್ನುವ ಗುರುತು ಅವು. ಇದು ಹೊಸದೇನಲ್ಲ. 1977ರಲ್ಲಿ ಬ್ರಿಟಿಷ್ ಗಾಯಕ ಡೇವಿಡ್ ಬೋವಿಯ ರೆಕಾರ್ಡಿಂಗ್‌ನಲ್ಲಿ ಗಿಟಾರಿಸ್ಟ್ ರಾಬರ್ಟ್ ಫ್ರಿಪ್ ಕೂಡ ಹೀಗೇ ಸ್ಟುಡಿಯೋದ ನೆಲದ ಮೇಲೆ ಟೇಪ್ ಅಂಟಿಸಿ, ಒಂದೊಂದು ಸ್ವರಕ್ಕೆ ಒಂದೊಂದು ಜಾಗ ಗುರುತು ಮಾಡಿಕೊಂಡಿದ್ದರು. ಓದಿದ್ದೆ. ಕಣ್ಣಾರೆ ನೋಡಿದ್ದು ಇದೇ ಮೊದಲು.

"ಬರೀ ಗದ್ದಲ, ಯಾರು ಬೇಕಾದರೂ ಮಾಡಬಹುದು" ಅನ್ನುವವರಿಗೆ ಆ ಟೇಪಿನ ತುಂಡುಗಳನ್ನು ತೋರಿಸಬೇಕು ಅನ್ನಿಸುತ್ತದೆ. 1981ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಸೋನಿಕ್ ಯೂತ್ ಬ್ಯಾಂಡಿನವರು ತಂತಿಗಳ ನಡುವೆ ಸ್ಕ್ರೂಡ್ರೈವರ್, ಡ್ರಮ್ಸ್ ಕೋಲು ಸಿಕ್ಕಿಸಿ ನುಡಿಸುತ್ತಿದ್ದರು. ಹುಚ್ಚಾಟದ ಹಾಗೆ ಕಾಣುತ್ತದೆ. ಆದರೆ ಅವರು ತಂತಿಗಳನ್ನು ತಮ್ಮದೇ ಶ್ರುತಿಗಳಿಗೆ ಕಟ್ಟಿಕೊಳ್ಳುತ್ತಿದ್ದರು, ಒಂದೊಂದು ಹಾಡಿಗೆ ಒಂದೊಂದು ಗಿಟಾರ್ ಬೇಕಾಗುತ್ತಿತ್ತು. 1999ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರ ವಾದ್ಯಗಳಿದ್ದ ಟ್ರಕ್ಕೇ ಕಳುವಾಯಿತು. ವರ್ಷಗಟ್ಟಲೆ ತಿದ್ದಿ ತೀಡಿ ಪಳಗಿಸಿದ ಗಿಟಾರ್‌ಗಳು. ಅಂಗಡಿಯಲ್ಲಿ ಹೊಸದು ಕೊಂಡರೆ ತುಂಬುವ ನಷ್ಟವಲ್ಲ ಅದು. ಬರೀ ಗದ್ದಲವೇ ಆಗಿದ್ದರೆ ಯಾವ ಗಿಟಾರಾದರೂ ನಡೆಯುತ್ತಿತ್ತು.

ಅವತ್ತು ನೋಡಿದ ಬ್ಯಾಂಡಿನ ಆಲ್ಬಮನ್ನು ನಾನು ಮೊದಲೇ ಒಂದು ತಿಂಗಳು ಮನೆಯಲ್ಲಿ ಕೇಳಿದ್ದೆ. ನಿಜ ಹೇಳಬೇಕೆಂದರೆ, ನಡುವೆ ಬರುವ ಒಂದು ಉದ್ದದ ಭಾಗ ಬೋರು ಹೊಡೆಸಿತ್ತು. ಒಂದೇ ಏಟು, ಒಂದೇ ಸ್ವರ, ಎಂಟು ನಿಮಿಷ. ಇಯರ್‌ಫೋನಿನಲ್ಲಿ ಅದು ಬರೀ ಪುನರಾವರ್ತನೆ. ಹಾಲ್‌ನಲ್ಲಿ ಅದೇ ಎಂಟು ನಿಮಿಷ ಬದಲಾಗುತ್ತಲೇ ಇತ್ತು. ಮೂರನೇ ನಿಮಿಷದ ಹೊತ್ತಿಗೆ ಆ ಒಂದು ಸ್ವರದ ಮೇಲೆ ಬೇರೆ ಸ್ವರಗಳು ತೇಲತೊಡಗಿದವು. ಯಾರೋ ದೂರದಲ್ಲಿ ಹಾಡುತ್ತಿರುವ ಹಾಗೆ. ವೇದಿಕೆ ನೋಡಿದೆ, ಯಾರೂ ಹಾಡುತ್ತಿರಲಿಲ್ಲ. ಪಕ್ಕದವರತ್ತ ತಿರುಗಿದೆ. ಅವರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಅವರಿಗೂ ಕೇಳಿಸುತ್ತಿತ್ತು ಅಂತ ನನ್ನ ನಂಬಿಕೆ.

ಆದರೆ ಅಕ್ಕನ ಪ್ರಶ್ನೆಯ ಇನ್ನರ್ಧ ಇದೆ. ಕಿವಿ.

ಆರು ವರ್ಷದ ಹಿಂದೆ ಬೇರೊಂದು ಹಾಲ್‌ನಲ್ಲಿ ಸ್ಪೀಕರ್ ಪಕ್ಕದಲ್ಲೇ ಒಂದೂವರೆ ಗಂಟೆ ಬರಿಗಿವಿಯಲ್ಲಿ ನಿಂತಿದ್ದೆ. ಬಾಗಿಲಲ್ಲಿ ಇಯರ್‌ಪ್ಲಗ್ ಇದೆಯಾ ಅಂತ ಕೇಳಿದ್ದಕ್ಕೆ ಅಲ್ಲಿದ್ದವರು ನಕ್ಕಿದ್ದರು. ಅವತ್ತು ರಾತ್ರಿ ಮಲಗಿದಾಗ ಕಿವಿಯಲ್ಲಿ ತೆಳ್ಳನೆಯ ಒಂದು ಸೀಟಿ. ಎರಡು ದಿನ ನಿಲ್ಲಲಿಲ್ಲ. ಎರಡನೇ ರಾತ್ರಿ ಎದ್ದು ಕೂತು ಅತ್ತಿದ್ದೇನೆ. ಮೂರನೇ ದಿನ ಹೋಯಿತು. ಎಲ್ಲರಿಗೂ ಹಾಗೆ ಹೋಗುವುದಿಲ್ಲ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಜೀವಕೋಶಗಳು ಒಂದೊಂದು ಕಿವಿಗೆ ಸುಮಾರು 15 ಸಾವಿರ ಮಾತ್ರ. ಸತ್ತರೆ ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್‌ನ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಆ ಸಮಯ ಅರ್ಧವಾಗುತ್ತದೆ. 100 ಡೆಸಿಬಲ್ ತಲುಪುವಷ್ಟರಲ್ಲಿ ಉಳಿಯುವುದು 15 ನಿಮಿಷ. ಇಂಥ ಬ್ಯಾಂಡುಗಳು ನುಡಿಸುವುದು ಒಂದು ಗಂಟೆಗೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಮಾನದಂಡ ಹೊರಡಿಸಿತು. ಸರಾಸರಿ 100 ಡೆಸಿಬಲ್ ದಾಟಬಾರದು, ಕೇಳುಗರಿಗೆ ಇಯರ್‌ಪ್ಲಗ್ ಸಿಗಬೇಕು, ಕಿವಿಗೆ ಬಿಡುವು ಕೊಡಲು ಸದ್ದಿಲ್ಲದ ಜಾಗವೂ ಇರಬೇಕು ಅನ್ನುತ್ತದೆ ಅದು. 2008ರಲ್ಲಿ ಮತ್ತೆ ವೇದಿಕೆಗೆ ಮರಳಿದ, ಜೋರು ಸದ್ದಿಗೇ ಹೆಸರಾದ ಮೈ ಬ್ಲಡಿ ವ್ಯಾಲೆಂಟೈನ್ ಬ್ಯಾಂಡಿನ ಕಾರ್ಯಕ್ರಮಗಳಲ್ಲಿ ಒಳಗೆ ಬರುವವರಿಗೆ ಇಯರ್‌ಪ್ಲಗ್ ಹಂಚುತ್ತಿದ್ದರು. ಅವರ ಸದ್ದೇನೂ ಅದರಿಂದ ಸಣ್ಣದಾಗಲಿಲ್ಲ.

ಇಯರ್‌ಪ್ಲಗ್ ಹಾಕಿದವರನ್ನು ನೋಡಿ ನಗುವವರು ಇನ್ನೂ ಇದ್ದಾರೆ. ನನಗೆ ಸಿಟ್ಟು ಬರುತ್ತದೆ. ಬರಿಗಿವಿಯಲ್ಲಿ ನಿಲ್ಲುವುದು ಧೈರ್ಯ ಅಲ್ಲ. ಫೋಮ್ ಹಾಕಿದರೆ ಚೂಪಾದ ಸ್ವರಗಳು ಸ್ವಲ್ಪ ಮಂದವಾಗುತ್ತವೆ, ನಿಜ. ಸಂಗೀತಗಾರರಿಗೆಂದೇ ಮಾಡಿದ ಫಿಲ್ಟರ್ ಇರುವ ಪ್ಲಗ್‌ಗಳಲ್ಲಿ ಅದೂ ಕಡಿಮೆ. ಬೇಸ್ ಹೇಗಿದ್ದರೂ ಮೈಗೆ ಬಂದೇ ಬರುತ್ತದೆ. ಪ್ಲಗ್ ಹಾಕಿದ ಮೇಲೆಯೇ ನನಗೆ ಆ ತೇಲುವ ಸ್ವರಗಳು ಕೇಳಿಸಿದ್ದು. ಟಿಕೆಟ್ ನೋಡುವ ಮೇಜಿನ ಮೇಲೆ ಒಂದು ಬಟ್ಟಲು ಇಯರ್‌ಪ್ಲಗ್ ಇಡೋಕೆ ಎಷ್ಟು ಖರ್ಚಾಗುತ್ತದೆ? ಇಡಿ, ದಯವಿಟ್ಟು.

ಕೊನೆಯ ಹಾಡು ಮುಗಿಯಲಿಲ್ಲ. ಅಂದರೆ, ನುಡಿಸುವವರು ನಿಲ್ಲಿಸಿದರು. ಗಿಟಾರನ್ನು ಆಂಪ್‌ಗೆ ಒರಗಿಸಿಟ್ಟು ಒಬ್ಬೊಬ್ಬರೇ ಇಳಿದು ಹೋದರು. ಸದ್ದು ಮಾತ್ರ ಇತ್ತು. ಖಾಲಿ ವೇದಿಕೆ, ಒಂದು ಗಿಟಾರ್, ಹಾಲ್ ತುಂಬ ಆ ಒಂದು ಸ್ವರ. ಜನ ಅಲುಗಲಿಲ್ಲ. ನಾನು ಮುಂದಕ್ಕೆ ಹೋಗಿ ವೇದಿಕೆಯ ಅಂಚಿಗೆ ನಿಂತೆ. ಯಾರೂ ಇಲ್ಲದ ಡ್ರಮ್ಸ್‌ನಲ್ಲಿ ಸ್ನೇರ್ ಅನ್ನುವ ಚಿಕ್ಕ ಡ್ರಮ್ಮಿನ ಕೆಳಗಿನ ತಂತಿಗಳು ತಾವಾಗಿಯೇ ಜರ್ರ್ ಅನ್ನುತ್ತಿದ್ದವು. ತಾಳದ ಹಾಗಿರುವ ದೊಡ್ಡ ಸಿಂಬಲ್‌ನ ಅಂಚು ನಡುಗುತ್ತಿತ್ತು, ದೀಪದ ಬೆಳಕು ಅದರ ಮೇಲೆ ಚೂರುಚೂರಾಗಿ ಓಡಾಡುತ್ತಿತ್ತು.

ಆಮೇಲೆ ಗಿಟಾರಿಸ್ಟ್ ವಾಪಸ್ ಬಂದ. ಬಗ್ಗಿ, ಎರಡು ಬೆರಳಲ್ಲಿ ವಾಲ್ಯೂಮ್ ಗುಂಡಿಯನ್ನು ತಿರುಗಿಸಿದ. ನಿಧಾನಕ್ಕೆ, ತುಂಬಾ ನಿಧಾನಕ್ಕೆ. ಸ್ವರ ತೆಳುವಾಯಿತು. ಸ್ನೇರ್ ಇನ್ನೊಂದು ಸಲ ಜರ್ರ್ ಅಂದು ಸುಮ್ಮನಾಯಿತು. ನಾನು ಪ್ಲಗ್ ತೆಗೆದೆ. ಇನ್ನೂರು ಜನರಿದ್ದ ಆ ಹಾಲ್‌ನಲ್ಲಿ ಯಾರದೋ ಜಾಕೆಟ್ಟಿನ ಜಿಪ್ ಎಳೆದದ್ದು ಕೇಳಿಸಿತು.